ಲೈನಿಂಗು ಹಾಕಿದ ಡೇರೆ

ಮನುಷ್ಯನಾಗಿ ಹುಟ್ಟಿದ ಮೇಲೆ ತಲೆ ಎತ್ತಿ ಬಾಳಬೇಕೆಂದು ಯಾರಿಗೆ ತಾನೆ ಆಸೆ ಇರುವುದಿಲ್ಲ? ನಮ್ಮ ದರ್ಜಿಗೂ ಇತ್ತು. ಆದರೆ ಅವನು ತಲೆ ಎತ್ತಿದಾಗಲೆಲ್ಲ ಮರದ ಮೆಟ್ಟಿಲೊಂದು ಟಕ್ಕೆಂದು ನೆತ್ತಿಗೆ ಕುಟ್ಟುತ್ತಿತ್ತು. ಹದಿನೆಂಟು ವರ್ಷದಿಂದ ಅವನ ಹೊಲಿಗೆ ಯಂತ್ರ ಹೆಂಡತಿಯ ತವರುಮನೆಯ ಮೆಟ್ಟಿಲ ಕೆಳಗಿತ್ತು. (ಅವನು ಮನೆಯಳಿಯ. ಮನೆ ದೊಡ್ಡದೇ. ಅಳಿಯನ ಪಾಲಿಗೆ ಬಂದದ್ದು ಮೆಟ್ಟಿಲ ಸಂದಿ.) ಆರು ಕೋಣೆಗಳಲ್ಲಿ ಇಪ್ಪತ್ತೊಂದು ಜನ ಹೇಗೆ ಹಿಡಿಸುತ್ತಾರೆ ಎಂದು ಕೇಳಬೇಡಿ. ಹಿಡಿಸುವುದಿಲ್ಲ.

ಸಂದಿಯಲ್ಲಿ ಬಗ್ಗಿ ಕೂತವನಿಗೆ ಮನೆಮಂದಿಯ ಮೊಣಕಾಲಿನ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು. ಹೆಂಡತಿಯೂ ಅಷ್ಟೇ ಕಾಣುತ್ತಿದ್ದಳು. ಬೆಳಗಿನ ನಾಲ್ಕಕ್ಕೆ ಒಂದು ಜೊತೆ ಪಾದ ಮೆಟ್ಟಿಲಿಳಿದು ಬೇಕರಿಗೆ ಹೋಗುತ್ತಿತ್ತು, ಹನ್ನೆರಡಕ್ಕೆ ವಾಪಸು ಬಂದು ಅಡುಗೆಮನೆಗೆ ನುಗ್ಗುತ್ತಿತ್ತು. ಹಿಟ್ಟು ನಾದುವುದು ಅವಳ ಕೆಲಸ. "ನನ್ನ ಹೆಂಡ್ತಿಗೆ ದಣಿವು ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದು ದರ್ಜಿ ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಅವನ ಇನ್ನೊಂದು ಜಂಬ ಬೆನ್ನಿನದು. ಈ ಮನೆಯ ಇಪ್ಪತ್ತೊಂದು ಜನರಲ್ಲಿ ಯಾರೇ ಬೆನ್ನು ತಿರುಗಿಸಿ ನಿಂತರೂ, ಮುಖ ನೋಡದೆ, ಯಾರೆಂದು ಹೇಳಬಲ್ಲೆ ಎನ್ನುತ್ತಿದ್ದ. ಎಲ್ಲರ ಅಳತೆಯೂ ಅವನ ದಪ್ಪ ಪುಸ್ತಕದಲ್ಲಿತ್ತು. ತೀರಿಕೊಂಡವರದೂ ಇತ್ತು. ಆ ಪುಟಗಳನ್ನು ಹರಿಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಮನೆಯಲ್ಲಿ ಖಾಲಿ ಇದ್ದದ್ದು ಬೀದಿಗೆ ಮುಖ ಮಾಡಿದ ಮುಂಕೋಣೆ ಒಂದೇ. ಹೆಂಡತಿಯ ಅಜ್ಜಿ ಅದರಲ್ಲೇ ಬಾಳಿ, ಅದರಲ್ಲೇ ತೀರಿಕೊಂಡ ಮೇಲೆ ಒಂದು ವರ್ಷದಿಂದ ಬೀಗ ಬಿದ್ದಿತ್ತು. ಕೀಲಿ ಅತ್ತೆಯ ಹತ್ತಿರ. ಅತ್ತೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು, ಮನೆಯನ್ನೂ ವಾರ್ಡಿನಂತೆಯೇ ನಡೆಸುವವರು. ಕೋಣೆಗೆ ಅರ್ಜಿದಾರರು ಇಬ್ಬರು. ಒಬ್ಬ ನಮ್ಮ ದರ್ಜಿ, ಇನ್ನೊಬ್ಬ ಹೆಂಡತಿಯ ಅಣ್ಣ. ಕೈಗಡಿಯಾರ ರಿಪೇರಿ ಮಾಡುವ ಈತನನ್ನು ಮನೆಮಂದಿಯೆಲ್ಲ ಗಡಿಯಾರದ ಭಾವ ಎಂದೇ ಕರೆಯುತ್ತಿದ್ದರು.

ಆ ಬೇಸಿಗೆಯಲ್ಲಿ, ಒಂದು ದಿನದ ಮಟ್ಟಿಗಾದರೂ ಎಲ್ಲರೂ ಕೆರೆಯ ದಡಕ್ಕೆ ಹೋಗಿ ಡೇರೆ ಹಾಕಿ ತಂಪಾಗಿ ಕೂತು ಬರೋಣ ಎಂದು ಮಾತು ಎದ್ದಿತು. ಇಪ್ಪತ್ತೊಂದು ಜನ ಹಿಡಿಸುವ ಡೇರೆ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ದರ್ಜಿಗೆ ಮಿಂಚು ಹೊಡೆಯಿತು. (ಮಿಂಚಿನ ಜೊತೆಗೆ ಮೆಟ್ಟಿಲೂ ಹೊಡೆಯಿತು.)

"ನಾನು ಹೊಲೀತೀನಿ ಅತ್ತೆ!" ಎಂದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ ಅಳಿಯಂದ್ರೇ. ನಿಮ್ಮ ಡೇರೆ ಸಂಜೆ ತನಕ ನಿಂತು, ಎಲ್ಲರೂ ನೆಮ್ಮದಿಯಾಗಿ ವಾಪಸ್ ಬಂದ್ರೆ, ಮುಂಕೋಣೆ ಕೀಲಿ ನಿಮ್ಮದು. ಆದ್ರೆ ಒಬ್ಬರು, ಒಬ್ಬರೇ ಒಬ್ಬರು ಕಿರುಚಿದ್ರೂ ಇಲ್ಲ. ವಾರ್ಡಿನಲ್ಲಿ ಕಿರುಚಾಟ ನನಗೆ ಆಗಲ್ಲ."

ದರ್ಜಿ ಮನೆಯ ಹಳೇ ಪರದೆಗಳನ್ನೆಲ್ಲ ಬಾಚಿಕೊಂಡ. ಹೂವಿನ ಪರದೆ, ಗೆರೆಯ ಪರದೆ, ಅಜ್ಜಿಯ ಕೋಣೆಯ ಕಂದು ಪರದೆ, ಎಲ್ಲವನ್ನೂ ಸೇರಿಸಿ ಹದಿಮೂರು ದಿನ ಹೊಲಿದ. ಅಲ್ಲಿಗೇ ಬಿಟ್ಟಿದ್ದರೆ ಅದು ಡೇರೆಯಾಗುತ್ತಿತ್ತು. ಆದರೆ ಕೋಟು ಹೊಲಿದು ಪಳಗಿದ ಕೈ, ಬಿಡಬೇಕಲ್ಲ! ಡೇರೆಗೆ ಎರಡು ಜೇಬು ಇಟ್ಟ, ಬಾಗಿಲಿಗೆ ಒಂಬತ್ತು ಗುಂಡಿ ಇಟ್ಟ, ಒಳಗಡೆ ಬಿಳೀ ಹಾಸಿಗೆವಸ್ತ್ರಗಳಿಂದ ಪೂರ್ತಿ ಲೈನಿಂಗು ಕೊಟ್ಟ.

"ಡೇರೆಗೆ ಲೈನಿಂಗು ಯಾಕ್ರೀ?" ಎಂದಿತು ಮೆಟ್ಟಿಲ ಮೇಲೆ ನಿಂತ ಹೆಂಡತಿಯ ಪಾದ.

"ಲೈನಿಂಗಿಲ್ಲದ್ದು ಹೊಲಿಗೆನೇ ಅಲ್ಲ. ನಿನಗೆ ಇದೆಲ್ಲ ಅರ್ಥ ಆಗಲ್ಲ, ಹೋಗು."

ಲೈನಿಂಗಿನ ಅಳತೆ ಸ್ವಲ್ಪ ಗಿಡ್ಡವಾಯಿತು. ಹಿಂಬದಿಯಲ್ಲಿ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಒಂದು ಸಂದಿ ಉಳಿಯಿತು. (ಗಾಳಿಯಾಡಲೆಂದು ಬೇಕೆಂದೇ ಬಿಟ್ಟದ್ದು ಎಂದು ಅವನು ಹೇಳಿದ. ಹದಿಮೂರು ದಿನ ನಿದ್ದೆಗೆಟ್ಟವನ ಮಾತನ್ನು ಯಾರು ಅಲ್ಲಗಳೆಯುತ್ತಾರೆ?) ಒಳಗಿನ ಎಡಮೂಲೆಯಲ್ಲಿ ಎರಡು ಮೊಳದಷ್ಟು ಹೊಲಿಗೆ ಬಾಕಿಯಿರುವಾಗಲೇ ವ್ಯಾನು ಬಾಗಿಲಿಗೆ ಬಂತು.

ಹೆಂಡತಿ ಅಂದು ಬೇಗ ಬಿಡಿಸಿಕೊಂಡು ಬೇಕರಿಯಿಂದ ನೇರವಾಗಿ, ಬಿಳೀ ಕೆಲಸದ ಕೋಟಿನಲ್ಲೇ ಬಂದು ವ್ಯಾನಿನ ಹಿಂದಿನ ಸೀಟು ಹಿಡಿದಳು. ಅವಳ ಚೀಲದ ಬಾಯಲ್ಲಿ ಹಸಿರು ಬಟ್ಟೆಯ ಅಂಚು ಇಣುಕುತ್ತಿತ್ತು. ಅದನ್ನು ಕಂಡು ದರ್ಜಿಯ ಎದೆ ಉಬ್ಬಿತು. ಮದುವೆಯ ದಿನದ ನೆನಪಿಗೆ ಹೋದ ತಿಂಗಳು ಅವನು ಹೊಲಿದು ಕೊಟ್ಟ ಉದ್ದ ಅಂಗಿ ಅದು. ಅಲ್ಲಿ ಹೋಗಿ ತೊಟ್ಟುಕೊಳ್ಳುತ್ತಾಳೆ ಎಂದುಕೊಂಡ.

ಕೆರೆ ಮಾತ್ರ ಅಂದುಕೊಂಡ ಹಾಗಿರಲಿಲ್ಲ.

ಹತ್ತು ಗಂಟೆಯಾಗಿದ್ದರೂ ನೀರಿನ ಮೇಲಿನ ಮಂಜು ಎದ್ದಿರಲಿಲ್ಲ. ಬೇಸಿಗೆಯಲ್ಲಿ ಮಂಜೇ ಎಂದು ಯಾರೋ ಕೇಳಿದರು. ನೀರು ಇಸ್ತ್ರಿ ಹಾಕಿದ ಬಟ್ಟೆಯಂತೆ ಒಂದು ಸುಕ್ಕೂ ಇಲ್ಲದೆ ಬಿದ್ದಿತ್ತು. ಒಂದು ಹಕ್ಕಿಯ ಸದ್ದಿಲ್ಲ, ಕಪ್ಪೆಯ ಸದ್ದಿಲ್ಲ. ದಡದಲ್ಲಿ ಹಿಂದೆ ಬಂದವರು ಒಲೆ ಹೂಡಿದ ಮೂರು ಮೂರು ಕಪ್ಪು ಕಲ್ಲುಗಳು ಉದ್ದಕ್ಕೂ ಸಾಲಾಗಿದ್ದವು. ಯಾವ ಒಲೆಯಲ್ಲೂ ಬೂದಿಯಿರಲಿಲ್ಲ, ಸುತ್ತಮುತ್ತ ಒಂದು ಕಾಗದದ ಚೂರೂ ಇರಲಿಲ್ಲ. ಬಂದವರು ಹೋಗಿದ್ದರೆ ಗಲೀಜಾದರೂ ಉಳಿಯಬೇಕಿತ್ತಲ್ಲ ಎಂದು ದರ್ಜಿಗೆ ಅನಿಸಿತು. ಅನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೇಳುವ ಕೆಲಸಕ್ಕೆ ಬೇರೆಯವರೇ ಇದ್ದರು. ಅತ್ತೆಯ ತಮ್ಮ ಮೂವತ್ತೈದು ವರ್ಷ ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟು ನಡೆಸಿದವರು. ಎಲ್ಲರಿಗೂ ಲಿಫ್ಟ್ ಮಾವ. ಅವರು ನೀರಿನ ಕಡೆ ನೋಡಿ, ಹವಾಮಾನ ಹೇಳುವವರಂತೆ ತಣ್ಣಗೆ ಹೇಳಿದರು: "ಇಂಥ ಮೌನ ನಾನು ಏಳನೇ ಮಹಡೀಲಿ ಕೇಳಿದೀನಿ. ಯಾರೂ ಗುಂಡಿ ಒತ್ತಿರಲ್ಲ. ಲಿಫ್ಟು ತಾನಾಗೇ ಹೋಗಿ ನಿಲ್ಲುತ್ತೆ. ಬಾಗಿಲು ತೆಗೆಯುತ್ತೆ. ಹೊರಗೆ ಯಾರೂ ಇಲ್ಲ. ಆದ್ರೆ ಲಿಫ್ಟು ಸ್ವಲ್ಪ ಕೆಳಗೆ ಜಗ್ಗುತ್ತೆ, ಒಬ್ಬರು ಹತ್ತಿದ ಹಾಗೆ."

"ಮಾವ, ಮಕ್ಕಳಿದಾವೆ!" ಎಂದು ದರ್ಜಿ ನಡುಗುವ ದನಿಯಲ್ಲಿ ಗದರಿದ. ಮಕ್ಕಳು ಆಗಲೇ ನೀರಿಗೆ ಓಡಿದ್ದವು. ಹೆದರಿ ನಿಂತಿದ್ದವನು ಅವನೊಬ್ಬನೇ.

ಡೇರೆ ಎದ್ದು ನಿಂತಿತು. ಭವ್ಯವಾಗಿ ನಿಂತಿತು ಎಂದರೂ ತಪ್ಪಿಲ್ಲ. ಗಡಿಯಾರದ ಭಾವ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಒಂದು ಹಗ್ಗ ಎಳೆದು ನೋಡಿ, ಬೀಳದಿದ್ದದ್ದನ್ನು ಕಂಡು ನಿಟ್ಟುಸಿರು ಬಿಟ್ಟ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಚಹಾ ಮುಗಿದವು. ಹೆಂಗಸರು ಪಾತ್ರೆ ಹಿಡಿದು ಒಂದು ಕಡೆ, ಗಂಡಸರು ಗಾಳ ಹಿಡಿದು ಇನ್ನೊಂದು ಕಡೆ ಚದುರಿದರು. ದರ್ಜಿ ಮಾತ್ರ ಡೇರೆಯ ಹಿಂಬದಿಯ ನೆರಳಿನಲ್ಲಿ ಮಡಚುವ ಸ್ಟೂಲು ಹಾಕಿಕೊಂಡು ಕಾವಲು ಕೂತ. ಸಂಜೆ ಐದೂವರೆಗೆ ವ್ಯಾನು. ಇನ್ನು ನಾಲ್ಕು ಗಂಟೆ ಕಾಲ ಯಾರೂ ಕಿರುಚದಿದ್ದರೆ ಸಾಕು. ಅವನು ಮುಂಕೋಣೆಯಲ್ಲಿ ಯಂತ್ರ ಎಲ್ಲಿಡಬೇಕು, ಕನ್ನಡಿ ಎಲ್ಲಿ ತೂಗುಹಾಕಬೇಕು ಎಂದು ಲೆಕ್ಕ ಹಾಕತೊಡಗಿದ.

ದೂರದಲ್ಲಿ, ಮಂಜು ಮತ್ತು ನೀರು ಸೇರುವಲ್ಲಿ, ಹಸಿರು ಅಂಗಿಯ ಹೆಣ್ಣೊಂದು ಬೆನ್ನು ಮಾಡಿ ನಿಂತಿತ್ತು.

ಆ ಬೆನ್ನು ಅವನಿಗೆ ಗೊತ್ತಿತ್ತು. ಹದಿನಾಲ್ಕು ಇಂಚು. ಹದಿನೆಂಟು ವರ್ಷವಾದರೂ ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನಿಗೆ ಹೆಂಡತಿಯ ಮೇಲೆ ಒಂದು ಕ್ಷಣ ನಿಜವಾಗಿ ಪ್ರೀತಿ ಉಕ್ಕಿತು. "ಏ ಇವಳೇ!" ಎಂದು ಕೂಗಿದ. ಕೂಗು ನೀರಿನ ಮೇಲೆ ಹೋಗಿ, ಎಲ್ಲೋ ತಡೆದು ನಿಂತು, ಬಹಳ ಹೊತ್ತಿನ ಮೇಲೆ ಬೇರೆ ಯಾರದೋ ದನಿಯಲ್ಲಿ "ಇವಳೇ..." ಎಂದು ಹಿಂದಿರುಗಿತು. ಹಸಿರು ಅಂಗಿ ತಿರುಗಲಿಲ್ಲ. ಎರಡು ಸಲ ಕೂಗಿದ, ಮೂರು ಸಲ ಕೂಗಿದ, ತಿರುಗಲೇ ಇಲ್ಲ. ಮಂಜು ಅವಳ ಮೊಣಕಾಲಿನವರೆಗೂ ಬಂದಿತ್ತು. ಪಾದ ಕಾಣುತ್ತಿರಲಿಲ್ಲ.

ದರ್ಜಿ ಬೆವರು ಒರೆಸಿಕೊಂಡು ಡೇರೆಯ ಕಡೆ ತಿರುಗಿದ. ಆಗ ಅದು ಕಂಡಿತು.

ಅಜ್ಜಿಯ ಕಂದು ಪರದೆಯ ತುಂಡು ನಿಧಾನವಾಗಿ ಹೊರಗೆ ಉಬ್ಬುತ್ತಿತ್ತು. ಮೊದಲು ಒಂದು ಭುಜ ಬಂತು, ಆಮೇಲೆ ಇನ್ನೊಂದು. ನಡುವೆ ಬೆನ್ನುಮೂಳೆಯ ಗೆರೆ ಮೂಡಿತು. ಯಾರೋ ಒಳಗಿನಿಂದ ಬಟ್ಟೆಗೆ ಒರಗಿಕೊಂಡಿದ್ದರು.

ಇಷ್ಟೇ ತಾನೆ, ಯಾರೋ ಮಲಗಲು ಬಂದಿದ್ದಾರೆ ಎಂದು ದರ್ಜಿ ನಕ್ಕ. ಯಾರಿರಬಹುದು ಎಂದು ತನ್ನ ವಿದ್ಯೆಯನ್ನೇ ಪರೀಕ್ಷೆಗೆ ಹಚ್ಚಿದ. ಗಡಿಯಾರದ ಭಾವನೇ? ಅಲ್ಲ, ಅವನದು ಗೂನುಬೆನ್ನು. ಲಿಫ್ಟ್ ಮಾವನೇ? ಅವರದು ಹಲಗೆ. ಅತ್ತೆಯೇ? ಅತ್ತೆ ಎಂದೂ ಯಾವುದಕ್ಕೂ ಒರಗಿದವರಲ್ಲ. ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಎದ್ದು ಡೇರೆ ಸುತ್ತಿ ಬಂದು, ಒಂಬತ್ತು ಗುಂಡಿ ಬಿಚ್ಚಿ ಒಳಗೆ ಇಣುಕಿದ.

ಒಳಗೆ ಯಾರೂ ಇರಲಿಲ್ಲ.

ಚಾಪೆ ಇತ್ತು, ಚೀಲಗಳಿದ್ದವು, ಒಂದು ಕೊಡೆಯಿತ್ತು. ಸುತ್ತ ನಾಲ್ಕು ಕಡೆಯೂ ಬಿಳೀ ಗೋಡೆ ನೇರವಾಗಿ ಇಳಿಬಿದ್ದಿತ್ತು. ಗುಂಡಿ ಹಾಕಿ ಹಿಂಬದಿಗೆ ಓಡಿ ಬಂದ. ಬೆನ್ನು ಅಲ್ಲೇ ಇತ್ತು. ಉಸಿರಾಡುತ್ತಿತ್ತು.

ಬೇರೆಯವರಾಗಿದ್ದರೆ ಓಡುತ್ತಿದ್ದರು. ದರ್ಜಿಯ ಕಾಲು ಓಡಲು ಸಿದ್ಧವಿತ್ತು, ಆದರೆ ಕೈ ಜೇಬಿನಿಂದ ಟೇಪು ತೆಗೆದುಬಿಟ್ಟಿತ್ತು. ಮೂವತ್ತು ವರ್ಷದ ಅಭ್ಯಾಸ, ಬೆನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಉಸಿರು ಬಿಗಿಹಿಡಿದು, ಬೆರಳ ತುದಿ ಮಾತ್ರ ತಾಗುವಂತೆ ಅಳೆದ. ಹದಿನೇಳು ಇಂಚು. ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ. ಹೆಣ್ಣಿನ ಬೆನ್ನು. ಭಾರ ಹೊತ್ತು ಹೊತ್ತು ಅಗಲವಾದ ಬೆನ್ನು.

ಪುಸ್ತಕ ತೆರೆದ. ಇಪ್ಪತ್ತೊಂದು ಜನರನ್ನೂ ಒಬ್ಬೊಬ್ಬರಾಗಿ ನೋಡಿದ. ಹದಿನೇಳು ಇಂಚಿನ ಹೆಂಗಸು ಆ ಕುಟುಂಬದಲ್ಲಿ ಇರಲಿಲ್ಲ. ಕೊನೆಗೆ ತೀರಿಕೊಂಡವರ ಪುಟ ತೆಗೆದ. ಅಜ್ಜಿಗೆ ಹದಿಮೂರು. ಅಜ್ಜಿಯಾಗಿದ್ದರಾದರೂ ಅವನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು, ಎಷ್ಟಾದರೂ ಮನೆಯವರು. ಇದು ಬದುಕಿರುವವರ ಪೈಕಿಯೂ ಅಲ್ಲ, ಸತ್ತವರ ಪೈಕಿಯೂ ಅಲ್ಲ. ಈ ಕೆರೆಯದ್ದು.

'ಪಾಪ' ಎಂದೂ ಅನಿಸಿತು ಅವನಿಗೆ. ಬೆನ್ನು ನೋಡಿದರೆ ಬಾಳು ಗೊತ್ತಾಗುತ್ತದೆಯಲ್ಲ. ಯಾರ ಮನೆಯ ಹೆಣ್ಣೋ, ಮೂಟೆಗಟ್ಟಲೆ ಹೊತ್ತಿದೆ, ಯಾರೂ ಇಳಿಸಿಕೊಂಡ ಹಾಗಿಲ್ಲ. ಕಟ್ಟಿಕೊಂಡವನು ಒಂದು ದಿನವಾದರೂ ತಿರುಗಿ ನೋಡಿದ್ದರೆ ಹೀಗೆ ನೀರಿನ ದಡದಲ್ಲಿ ಅಲೆಯುತ್ತಿತ್ತೇ? ಅಂಥ ಗಂಡನಿಗೆ ಒಳ್ಳೆಯದಾಗಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಶಪಿಸಿದ.

"ಯಾಕ್ ಭಾವ, ಇಷ್ಟು ಬೆವರ್ತಿದೀರ?"

ಗಡಿಯಾರದ ಭಾವ! ದರ್ಜಿ ಚಂಗನೆ ಹಾರಿ ಉಬ್ಬಿದ ಬಟ್ಟೆಗೆ ತನ್ನ ಬೆನ್ನು ಕೊಟ್ಟು ನಿಂತ. ಈಗ ಬೆನ್ನಿಗೆ ಬೆನ್ನು. ಅದು ತಣ್ಣಗಿರುತ್ತದೆ ಎಂದುಕೊಂಡಿದ್ದ. ಬೆಚ್ಚಗಿತ್ತು. ಅದೇ ಹೆಚ್ಚು ಭಯ ಹುಟ್ಟಿಸಿತು.

"ಸೆಕೆ ಭಾವ."

"ನೆರಳಲ್ಲಿ ಸೆಕೆನಾ?"

ಅಷ್ಟರಲ್ಲಿ ಬಟ್ಟೆಯ ಆ ಕಡೆಯಿಂದ ಉದ್ದನೆಯ ನಿಟ್ಟುಸಿರೊಂದು ಬಂತು. ಎಲ್ಲೋ ಆಳದಿಂದ ಎದ್ದು ಬಂದಂಥದ್ದು.

"ಏನದು?" ಎಂದು ಗಡಿಯಾರದ ಭಾವ ಕಿವಿ ನಿಮಿರಿಸಿದ.

"ನಾನೇ. ನಿಟ್ಟುಸಿರು." ದರ್ಜಿ ಇನ್ನೊಂದು ಬಿಟ್ಟು ತೋರಿಸಿದ. "ಮನುಷ್ಯನಿಗೆ ನಿಟ್ಟುಸಿರು ಬಿಡೋ ಹಾಗೂ ಇಲ್ವಾ?"

ಗಡಿಯಾರದ ಭಾವ ಅನುಮಾನದಿಂದಲೇ ಹೋದ. ಅವನ ಹಿಂದೆಯೇ ಲಿಫ್ಟ್ ಮಾವ ಬಂದರು. ದರ್ಜಿಗೆ ತಡೆಯಲಾಗಲಿಲ್ಲ. "ಮಾವ, ಸುಮ್ನೆ ಕೇಳ್ತೀನಿ. ಆ ಏಳನೇ ಮಹಡಿಯವರು... ನಿಮಗೆ ಕಾಣಿಸ್ಕೊಂಡಿದ್ರಾ?"

"ಒಂದೇ ಸಲ. ಕನ್ನಡೀಲಿ." ಮಾವ ದನಿ ಇಳಿಸಿದರು. "ಬೆನ್ನು ಮಾತ್ರ. ಅಂಥವರು ಮುಖ ತೋರಿಸಲ್ಲ ಅಳಿಯಂದ್ರೇ. ಬೆನ್ನು ತೋರಿಸ್ತಾರೆ. ತಿರುಗಿದ್ರೋ, ಮುಗೀತು." ಇಷ್ಟು ಹೇಳಿ ಹಾಯಾಗಿ ಗಾಳ ಹಿಡಿಯಲು ಹೋದರು.

ಮೂರನೆಯದಾಗಿ ಅತ್ತೆ ಬಂದರು. ರೋಗಿಯ ನಾಡಿ ನೋಡುವಂತೆ ಅಳಿಯನನ್ನು ನೋಡಿ, "ಅವಳೆಲ್ಲಿ?" ಎಂದರು.

"ಅಗೋ, ಅಲ್ಲಿ." ದರ್ಜಿ ಬೆನ್ನನ್ನು ಬಟ್ಟೆಯಿಂದ ಕದಲಿಸದೆ ಹಸಿರು ಅಂಗಿಯತ್ತ ಕೈ ತೋರಿಸಿದ.

ಅತ್ತೆ ಕನ್ನಡಕ ಸರಿಮಾಡಿಕೊಂಡು ದಡವನ್ನು ನೋಡಿದರು. ಆಮೇಲೆ ಅಳಿಯನನ್ನು ಬಹಳ ಹೊತ್ತು ನೋಡಿದರು. "ಸರಿಯಾಗಿ ನೋಡಿ ಹೇಳ್ತಿದೀರಾ?"

"ನಾನೇ ಹೊಲಿದ ಅಂಗಿ ಅತ್ತೆ. ನನ್ನ ಹೆಂಡ್ತಿ ಬೆನ್ನು ನನಗೆ ಗೊತ್ತಾಗಲ್ವಾ?"

"ಓಹೋ," ಎಂದರು ಅತ್ತೆ. ಅಷ್ಟೇ ಹೇಳಿ ಹೊರಟುಹೋದರು. ಆ 'ಓಹೋ' ದರ್ಜಿಗೆ ಯಾಕೋ ಸರಿಬರಲಿಲ್ಲ.

ಗಂಟೆ ನಾಲ್ಕಾಗಿತ್ತು. ಇನ್ನೇನು ಎಲ್ಲರೂ ಚಹಾಕ್ಕೆಂದು ಡೇರೆಗೆ ಬರುತ್ತಾರೆ. ಒಬ್ಬರು ಇದನ್ನು ಕಂಡರೂ ಸಾಕು, ಇಪ್ಪತ್ತೊಂದು ಗಂಟಲು ಒಟ್ಟಿಗೆ ಕಿರುಚುತ್ತವೆ, ಮುಂಕೋಣೆ ಗಡಿಯಾರಗಳ ಪಾಲಾಗುತ್ತದೆ. ದರ್ಜಿ ಮತ್ತೆ ಒಳಗೆ ಹೋದ. ಈ ಸಲ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ನಿಂತ. ಹಿಂಬದಿಯ ಬಿಳೀ ಬಟ್ಟೆ ಸಣ್ಣಗೆ ಅಲುಗುತ್ತಿತ್ತು. ಒಳಗೆ, ಹೊರಗೆ. ಒಳಗೆ, ಹೊರಗೆ. ಹೊರಗೆ ಗಾಳಿಯೇ ಇರಲಿಲ್ಲ. ಎಡಮೂಲೆಯಲ್ಲಿ, ಹೊಲಿಗೆ ಬಾಕಿ ಉಳಿದ ಕಡೆ, ಲೈನಿಂಗಿನ ಅಂಚು ಬಾಯಿಬಿಟ್ಟುಕೊಂಡು ಕಪ್ಪಗೆ ಕಾಣುತ್ತಿತ್ತು.

ಅದು ಲೈನಿಂಗಿನೊಳಗೆ ಸೇರಿಕೊಂಡಿತ್ತು!

ಆಗ ಇಣುಕಿ ನೋಡಬಹುದಿತ್ತು. ಆದರೆ ನೋಡಿದರೆ ಅದು ತಿರುಗುತ್ತದೆ, ತಿರುಗಿದರೆ ಮುಗಿಯಿತು ಎಂದು ಮಾವ ಹೇಳಿದ್ದರಲ್ಲ. ಅದೂ ಅಲ್ಲದೆ ಅವನಿಗೆ ಅಷ್ಟು ಬುದ್ಧಿಯಿದ್ದಿದ್ದರೆ ಡೇರೆಗೆ ಜೇಬು ಇಡುತ್ತಿರಲಿಲ್ಲ. ದರ್ಜಿ ತನಗೆ ತಿಳಿದ ಒಂದೇ ಪರಿಹಾರಕ್ಕೆ ಕೈ ಹಾಕಿದ. ಅತಿ ಉದ್ದದ ಸೂಜಿ ತೆಗೆದ, ದಾರವನ್ನು ನಾಲ್ಕೆಳೆ ಮಾಡಿದ, ಮೊಣಕಾಲೂರಿ ಕೂತು ಆ ಬಾಯನ್ನು ಹೊಲಿಯತೊಡಗಿದ.

"ಕೋಪ ಮಾಡ್ಕೋಬೇಡಿ ತಾಯಿ," ಎಂದು ಪಿಸುಗುಟ್ಟಿದ. "ಐದೂವರೆ ತನಕ ಮಾತ್ರ. ಆಮೇಲೆ ನಾನೇ ಬಂದು ಬಿಚ್ಚಿ ಬಿಡ್ತೀನಿ. ಒಳಗೇ ಇರಿ. ಮಲಗಿ. ನಿಮಗೆ ಸುಸ್ತಾಗಿರೋದು ನನಗೆ ಗೊತ್ತು."

ಬಿಳೀ ಬಟ್ಟೆಯ ಹಿಂದಿನಿಂದ "ಹೂಂ" ಎಂಬ ಸದ್ದು ಬಂತು. ದರ್ಜಿಯ ಕೂದಲು ನೆಟ್ಟಗಾಯಿತು, ಆದರೂ ಹೊಲಿಗೆ ಸೊಟ್ಟಗಾಗಲಿಲ್ಲ. ನಲವತ್ತೆರಡು ಹೊಲಿಗೆ. ಕೊನೆಗೆ ಮೂರು ಗಂಟು. ದೆವ್ವಕ್ಕೆ ಹೊಲಿಗೆ ತಡೆಯುತ್ತದೆಯೇ ಎಂಬ ಪ್ರಶ್ನೆ ಅವನಿಗೂ ಬಂದಿತ್ತು. ಆದರೆ ತನ್ನ ಹೊಲಿಗೆಯ ಮೇಲೆ ಅವನಿಗೆ ಅಂಥ ನಂಬಿಕೆ.

ಹೊರಗೆ ಬಂದಾಗ ಮಂಜು ದಡ ಹತ್ತಿ ಡೇರೆಯ ಬುಡಕ್ಕೇ ಬಂದಿತ್ತು. ಅದರೊಳಗಿಂದ ಹಸಿರು ಅಂಗಿ ಏರಿ ಬರುತ್ತಿತ್ತು. ಮುಖ ಇನ್ನೂ ಕಾಣುತ್ತಿರಲಿಲ್ಲ. ಸದ್ಯ ಹೆಂಡತಿ ಬಂದಳಲ್ಲ ಎಂದು ದರ್ಜಿಗೆ ಜೀವ ಬಂದಂತಾಯಿತು. ಇನ್ನು ಗುಟ್ಟು ಹಂಚಿಕೊಳ್ಳಲು ಒಬ್ಬರಾದರೂ ಇದ್ದಾರೆ. ಓಡಿಹೋಗಿ ಅವಳ ಕೈ ಹಿಡಿದುಕೊಂಡು, "ಇವಳೇ, ಡೇರೆ ಹತ್ರ ಹೋಗ್ಬೇಡ, ಒಳಗೆ ಒಬ್ಳು ಇದಾಳೆ!" ಎಂದ.

ಹಸಿರು ಅಂಗಿ ಮುಖವೆತ್ತಿತು. ಅದು ಹೆಂಡತಿಯ ಮುಖವಾಗಿರಲಿಲ್ಲ.

ಆ ದಿನ ಕೆರೆಯ ದಡದಲ್ಲಿ ಎದ್ದ ಮೊದಲ ಕಿರುಚಾಟ ಎಷ್ಟು ಜೋರಾಗಿತ್ತೆಂದರೆ, ಆ ದಡ ಮುಟ್ಟಿ ಈ ದಡಕ್ಕೆ ಮರಳಿ ಬರುವಷ್ಟರಲ್ಲಿ ಇಡೀ ಕುಟುಂಬ ಡೇರೆಯ ಮುಂದೆ ಜಮಾಯಿಸಿತ್ತು. ಕಿರುಚಿದವನು ದರ್ಜಿ.

"ಏನ್ ಭಾವ? ಯಾಕ್ ಭಾವ?" ಎನ್ನುತ್ತ ಹಸಿರು ಅಂಗಿ ಕಿವಿಗಳಿಂದ ಹಾಡು ಕೇಳುವ ಗುಂಡಿಗಳನ್ನು ಕಿತ್ತುಕೊಂಡಿತು. ಹೆಂಡತಿಯ ಕೊನೆಯ ತಂಗಿ! ಮದುವೆಯಲ್ಲಿ ಒಂಬತ್ತು ವರ್ಷದವಳಾಗಿ ಅವನ ಟೇಪು ಕದ್ದವಳು.

"ನೀನಾ? ಹಾಗಾದ್ರೆ ಅವಳೆಲ್ಲಿ?"

ಉತ್ತರ ಡೇರೆಯಿಂದ ಬಂತು. ಮೊದಲು ಹಿಂಬದಿ ಉಬ್ಬಿತು. ಆಮೇಲೆ ಎಡಗಡೆ ಉಬ್ಬಿತು. ಆಮೇಲೆ ಇಡೀ ಡೇರೆ, ಜೇಬು ಗುಂಡಿ ಸಮೇತ, ಗೂಟಗಳನ್ನು ಕಿತ್ತುಕೊಂಡು ಎರಡು ಹೆಜ್ಜೆ ನಡೆಯಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಗಡಿಯಾರದ ಭಾವ ಕುಸಿದು ಕೂತ. ಲಿಫ್ಟ್ ಮಾವ ಮಾತ್ರ "ನಾನು ಹೇಳಿರ್ಲಿಲ್ವಾ?" ಎಂದು ತೃಪ್ತಿಯಿಂದ ನುಡಿದರು. ಮೂರನೆಯ ಹೆಜ್ಜೆಗೆ ಡೇರೆ ಮುಗ್ಗರಿಸಿ ಬಿತ್ತು, ಬಿದ್ದಲ್ಲೇ ಹೊರಳಾಡಿತು.

"ಯಾರು ಒಳಗೆ?" ಎಂದು ಅತ್ತೆ ವಾರ್ಡಿನ ದನಿಯಲ್ಲಿ ಕೇಳಿದರು.

"ಅಮ್ಮಾ!" ಎಂದಿತು ಡೇರೆ. "ನನ್ನನ್ನ ಯಾರೋ ಹೊಲಿದುಬಿಟ್ಟಿದಾರೆ!"

ನಲವತ್ತೆರಡು ಹೊಲಿಗೆ ಬಿಚ್ಚಲು ಕಾಲು ಗಂಟೆ ಹಿಡಿಯಿತು. ಜೀವಮಾನದಲ್ಲೇ ಅಷ್ಟು ಗಟ್ಟಿಯಾದ ಹೊಲಿಗೆಯನ್ನು ಅವನು ಹಾಕಿರಲಿಲ್ಲ. ಒಂದೊಂದು ಹೊಲಿಗೆ ಬಿಚ್ಚಿದಾಗಲೂ ಒಳಗಿನ ಬೈಗುಳ ಒಂದೊಂದು ಪಟ್ಟು ಸ್ಪಷ್ಟವಾಗಿ ಕೇಳುತ್ತ ಹೋಯಿತು. ಕೊನೆಗೆ ಬೇಕರಿಯ ಬಿಳೀ ಕೋಟು, ಕೆದರಿದ ಕೂದಲು, ಕೆನ್ನೆಯ ಮೇಲೆ ಬಟ್ಟೆಯ ಗೆರೆ ಹೊತ್ತು ಹೆಂಡತಿ ಹೊರಬಂದಳು. ಬೆಳಗ್ಗೆ ನಾಲ್ಕರಿಂದ ಎದ್ದವಳು, ಇಪ್ಪತ್ತು ಜನರ ಕಣ್ಣು ತಪ್ಪಿಸಿ ಒಂದು ಗಳಿಗೆ ಮಲಗಲು ಜಾಗ ಹುಡುಕಿ, ಆ ಸಂದಿಯಲ್ಲಿ ನುಸುಳಿದ್ದಳು.

"ಯಾಕ್ರೀ ಹೊಲಿದ್ರಿ?"

"ನೀನು ಅಂತ ಗೊತ್ತಾಗಲಿಲ್ಲ," ಎಂದ ದರ್ಜಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಿದ್ಯೆಯ ಮರ್ಯಾದೆಯ ಪ್ರಶ್ನೆ. "ನಾನು ಅಳೆದು ನೋಡಿದೀನಿ. ಹದಿನೇಳು ಇಂಚು ಬಂತು. ನಿನ್ನದು ಹದಿನಾಲ್ಕು. ಪುಸ್ತಕದಲ್ಲೇ ಇದೆ, ಬೇಕಾದ್ರೆ ನೋಡು."

ಹೆಂಡತಿ ಪುಸ್ತಕ ತೆಗೆದುಕೊಂಡು ತನ್ನ ಪುಟ ನೋಡಿದಳು. ಶಾಯಿ ಕಂದಾಗಿತ್ತು.

"ಇದು ಯಾವಾಗ ಬರೆದಿದ್ದು?"

"ಮದುವೆ... ಮದುವೆ ವಾರ."

"ಆಮೇಲೆ ಹದಿನೈದು ವರ್ಷ ನಾನು ಹಿಟ್ಟಿನ ಮೂಟೆ ಎತ್ತಿದೀನಿ," ಎಂದಳು ಅವಳು, ಬೈಯುವ ದನಿಯಲ್ಲೂ ಅಲ್ಲ. "ನೀವು ಹೊಲಿದಿದ್ದು ಒಂದೂ ನನಗೆ ತೋಳಿಗೇ ಏರಲ್ಲ. ಎಲ್ಲಾ ಇವಳಿಗೆ ಕೊಡ್ತೀನಿ. ನಾನು ಹಾಕ್ಕೊಳೋದು ಬೀದಿ ಮೂಲೆಯ ದರ್ಜಿ ಹೊಲಿದಿದ್ದು."

ಮೂಲೆಯ ದರ್ಜಿ! ಲೈನಿಂಗನ್ನು ಅಂಟಿನಿಂದ ಅಂಟಿಸುವವನು! ದರ್ಜಿ ಸುತ್ತ ನೋಡಿದ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಮಕ್ಕಳಿಗೂ ಗೊತ್ತಿತ್ತು.

"ನಿದ್ದೇಲಿ ಯಾರೋ ಬೆನ್ನ ಮೇಲೆ ಟೇಪು ಇಟ್ಟು ಅಳೆದ ಹಾಗಾಯ್ತು," ಎಂದಳು ಹೆಂಡತಿ. "ಹದಿನೆಂಟು ವರ್ಷದಿಂದ ಮನೇಲಿ ಯಾರೂ ಇಟ್ಟಿಲ್ಲವಲ್ಲ. ದೆವ್ವ ಅಂದ್ಕೊಂಡೆ. ಆದ್ರೂ ಏಳಲಿಲ್ಲ, ಅಷ್ಟು ನಿದ್ದೆ ನನಗೆ."

ದರ್ಜಿಗೆ ನಾಚಿಕೆಯಾಯಿತು. ಮೆಟ್ಟಿಲು ಬಡಿದಾಗಿನ ನೋವು ನೆತ್ತಿಯಲ್ಲೇ ಉಳಿಯುತ್ತಿತ್ತು. ಇದು ಎದೆಗೆ ಇಳಿಯಿತು. ಮಧ್ಯಾಹ್ನ ಕೆರೆಯ ದೆವ್ವದ ಗಂಡನಿಗೆ ತಾನು ಹಾಕಿದ ಶಾಪವೂ ನೆನಪಾಗಿ, ಅದನ್ನು ಹಿಂತೆಗೆದುಕೊಳ್ಳುವ ದಾರಿ ಇದೆಯೇ ಎಂದು ಯೋಚಿಸಿದ.

ಅತ್ತೆ ಗಂಟಲು ಸರಿಮಾಡಿಕೊಂಡರು. "ಮೊದಲು ಕಿರುಚಿದ್ದು ಯಾರು?"

ಹತ್ತೊಂಬತ್ತು ಬೆರಳುಗಳು ದರ್ಜಿಯ ಕಡೆ ತಿರುಗಿದವು. ಗಡಿಯಾರದ ಭಾವ ಎರಡೂ ಕೈಯಿಂದ ತೋರಿಸಿದ. ಆಮೇಲೆ ಅದೇ ಕೈಗಳನ್ನು ಕೀಲಿಗಾಗಿ ಚಾಚಿದ.

"ನಿನಗ್ಯಾಕೋ?" ಎಂದು ಅತ್ತೆ ಮಗನನ್ನು ಗದರಿದರು. "ಗಡಿಯಾರಕ್ಕೆ ಕೋಣೆ ಬೇಕಾ? ಹೊಲಿಗೆ ಯಂತ್ರಕ್ಕೆ ಕೋಣೆ ಬೇಕಾ? ಮಲಗೋಕೆ ಜಾಗ ಇಲ್ಲದೆ ನನ್ನ ಮಗಳು ಬಟ್ಟೆ ಸಂದೀಲಿ ಸೇರ್ಕೊಂಡಿದಾಳೆ, ನಾನೂ ಒಂದು ವರ್ಷದಿಂದ ಕೀಲಿ ಇಟ್ಕೊಂಡು ಕಣ್ಣು ಮುಚ್ಕೊಂಡು ಕೂತಿದ್ದೆ." ಅವರು ಕೀಲಿಯನ್ನು ಮಗಳ ಅಂಗೈಗೆ ಒತ್ತಿದರು. "ಒಳಗಿಂದ ಚಿಲಕ ಇದೆ. ಹಾಕ್ಕೊಂಡು ಮಲಗು."

ವಾಪಸು ವ್ಯಾನಿನಲ್ಲಿ ಹೆಂಡತಿ ಕಿಟಕಿಗೆ ಒರಗಿ ಮತ್ತೆ ನಿದ್ದೆ ಹೋಗಿದ್ದಳು. ದರ್ಜಿ ಹಿಂದಿನ ಸೀಟಿನಲ್ಲಿ ಕೂತು, ಹಾದಿಯುದ್ದಕ್ಕೂ ಆ ಬೆನ್ನನ್ನು ನೋಡಿದ. ಅಂಥದೊಂದು ಬೆನ್ನಿಗೆ ಹೇಗೆ ಬಟ್ಟೆ ಕತ್ತರಿಸಬೇಕು ಎಂದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ, ಕಲಿಯಬೇಕಿತ್ತು.

ಮರುದಿನ ಮಧ್ಯಾಹ್ನ ಹೊಸ ಟೇಪು, ಹೊಸ ಪುಸ್ತಕ, ಚೆನ್ನಾಗಿ ಚೂಪು ಮಾಡಿದ ಪೆನ್ಸಿಲು ಹಿಡಿದು ಮುಂಕೋಣೆಯ ಬಾಗಿಲು ತಟ್ಟಿದ. ಚಿಲಕ ಹಾಕಿತ್ತು.

"ಯಾರು?"

"ನಾನೇ. ಅಳತೆ ತಗೊಳೋಕೆ ಬಂದಿದ್ದೆ."

ಮಂಚ ಕಿರುಗುಟ್ಟಿತು. ಒಳಗಿನವಳು ಮಗ್ಗುಲು ಬದಲಿಸಿದ್ದಿರಬೇಕು.

"ಈಗ ಆಗಲ್ಲ. ಮುಂದಿನ ಮಂಗಳವಾರ ಬನ್ನಿ."

ದರ್ಜಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಆ ಮಾತನ್ನು ಅವನು ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದಿದ್ದ. ಆ ಮಂಗಳವಾರ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.